ಸುಖಾಂತಕ್ಕೆ ತೆರುವ ಬೆಲೆ

ಕಥೆಯ ಕೊನೆಯು ಮೊದಲೇ ತಿಳಿದುಹೋಗುವುದು ಕೃತಿಯೊಂದಕ್ಕೆ ದೋಷವೆ? ಅಮೆರಿಕಾ ದೇಶದಲ್ಲಿ ದೂರದರ್ಶನಕ್ಕಾಗಿಯೇ ತಯಾರಾಗುವ ಒಂದು ಬಗೆಯ ಪ್ರಣಯಚಿತ್ರಗಳ ಮೇಲೆ ಅಲ್ಲಿನ ವಿದ್ಯಾವಂತರು ಹೊರಿಸುತ್ತ ಬಂದಿರುವ ಮುಖ್ಯ ಆಕ್ಷೇಪಣೆ ಇದೇ. ಆ ಚಿತ್ರಗಳನ್ನು ಪ್ರತಿ ಚಳಿಗಾಲದಲ್ಲಿಯೂ ಲಕ್ಷಾಂತರ ಜನ ನೋಡುತ್ತಾರೆ. ನೋಡುವವರನ್ನು ಕಂಡು ನಗುವವರೂ ಅಷ್ಟೇ ಮಂದಿ ಇದ್ದಾರೆ. ಈ ಮೆಚ್ಚಿಕೆಯೂ ಈ ನಗೆಯೂ ಯಾವ ಕಾರಣದಿಂದ ಹುಟ್ಟುತ್ತವೆ, ಎರಡರಲ್ಲಿ ಯಾವುದು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ವಿಚಾರಿಸುವುದು ಅನುಚಿತವಾಗದು. ಪರದೇಶದ ಸಾಮಾನ್ಯ ವಿನೋದವೆಂದು ಇದನ್ನು ತಳ್ಳಿಹಾಕುವುದಕ್ಕಾಗುವುದಿಲ್ಲ. ಜನರ ರುಚಿಯನ್ನೂ ವಿಮರ್ಶಕರ ರುಚಿಯನ್ನೂ ಬೇರೆಬೇರೆಯಾಗಿ ನಿಲ್ಲಿಸುವ ಪ್ರಶ್ನೆ ಎಲ್ಲ ಸಾಹಿತ್ಯಗಳಿಗೂ ಸಾಧಾರಣವಾದದ್ದು.

ಈ ಬಗೆಯ ಚಿತ್ರಗಳಿಗೆ ಮನೆಮಾತಾಗಿರುವ ಹೆಸರು ಹಾಲ್‌ಮಾರ್ಕ್. 1910ರಲ್ಲಿ ಜಾಯ್ಸ್ ಹಾಲ್ ಎಂಬ ತರುಣನು ಕ್ಯಾನ್ಸಸ್ ಸಿಟಿ ಎಂಬ ಊರಿನಲ್ಲಿ ಚಿತ್ರದ ಕಾಗದಗಳನ್ನು ಮಾರುವುದಕ್ಕೆ ತೊಡಗಿ, ಶುಭಾಶಯ ಪತ್ರಗಳ ದೊಡ್ಡ ವ್ಯಾಪಾರವನ್ನು ಬೆಳೆಸಿದನು. ಆ ಸಂಸ್ಥೆ 1951ರಿಂದ ದೂರದರ್ಶನದಲ್ಲಿ ನಾಟಕಗಳನ್ನು ನಡೆಸಿಕೊಟ್ಟಿತು. ಅವುಗಳಲ್ಲಿ ಮೊದಲನೆಯದು ಮೆನೋಟ್ಟಿ ಎಂಬ ಸಂಗೀತಗಾರನು ದೂರದರ್ಶನಕ್ಕೆಂದೇ ರಚಿಸಿದ ಗೀತನಾಟಕವಾಗಿತ್ತು. 2001ರಲ್ಲಿ ಅದೇ ಹೆಸರಿನ ವಾಹಿನಿಯೊಂದು ಬಂದಿತು. 2009ರಿಂದೀಚೆಗೆ ಆ ವಾಹಿನಿಯವರು ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ವಾರಗಳನ್ನು ಇಂಥ ಚಿತ್ರಗಳಿಗೆಂದೇ ಮೀಸಲಿಟ್ಟಿದ್ದಾರೆ. 2019ನೆಯ ವರ್ಷ ಒಂದೇ ಹಂಗಾಮಿನಲ್ಲಿ, ಇದನ್ನೂ ಇದರ ಸೋದರವಾಹಿನಿಯನ್ನೂ ಸೇರಿಸಿ, ನಲವತ್ತು ಹೊಸ ಚಿತ್ರಗಳು ಹೊರಬಂದವು. ಒಂದೊಂದು ಚಿತ್ರವನ್ನೂ ಎರಡು ಮೂರು ವಾರಗಳಲ್ಲಿ ತೆಗೆದು ಮುಗಿಸುವರು. ಎಷ್ಟೋ ಚಿತ್ರಗಳನ್ನು ಕೆನಡಾ ದೇಶದಲ್ಲಿ ಬೇಸಿಗೆಯಲ್ಲಿ ಕೃತಕವಾದ ಹಿಮವನ್ನು ಹರಡಿ ತೆಗೆಯುವುದುಂಟು.

ಕಥೆಯ ಹಂದರ ಬಹುಪಾಲು ಒಂದೇ. ಮಹಾನಗರದಲ್ಲಿ ಉದ್ಯೋಗದ ಉನ್ನತಿಯನ್ನೇ ನಂಬಿ ಬಾಳುತ್ತಿರುವ ತರುಣಿಯೊಬ್ಬಳು ಯಾವುದೋ ಕಾರಣದಿಂದ ಒಂದು ಕಿರುಪಟ್ಟಣಕ್ಕೆ ಬರುತ್ತಾಳೆ. ಅಲ್ಲಿ ಸಾದಾ ಬಟ್ಟೆಯ, ಕೈಕೆಲಸ ಬಲ್ಲ, ಸರಳಸ್ವಭಾವದ ತರುಣನೊಬ್ಬನಿರುತ್ತಾನೆ. ಮೊದಲು ಸ್ವಲ್ಪ ಘರ್ಷಣೆ, ಆಮೇಲೆ ಸ್ನೇಹ, ಆಮೇಲೆ ಒಂದು ತಪ್ಪುತಿಳಿವಳಿಕೆ. ಹಬ್ಬದ ಹಿಂದಿನ ಸಂಜೆ ಹಿಮ ಬೀಳುತ್ತಿರುವಾಗ ಎಲ್ಲವೂ ತಿಳಿಯಾಗಿ ಇಬ್ಬರೂ ಒಂದುಗೂಡುತ್ತಾರೆ. ಈ ಹಂದರವನ್ನು ಹಾಸ್ಯಮಾಡುವವರು ಬರಬಹುದಾದ ಸಂದರ್ಭಗಳನ್ನೆಲ್ಲ ಮನೆಗಳನ್ನು ಗೀಚಿದ ಕಾಗದದ ಮೇಲೆ ಬರೆದುಕೊಂಡು, ಒಂದೊಂದು ಬಂದಂತೆಲ್ಲ ಗುರುತು ಹಾಕುವ ಆಟವನ್ನೇ ಕಟ್ಟಿದ್ದಾರೆ. ಅದಕ್ಕೆ ವಾಹಿನಿಯ ಅಭಿಮಾನಿಗಳೇನೂ ನೊಂದುಕೊಳ್ಳಲಿಲ್ಲ. ಅವರೂ ಅದೇ ಆಟವನ್ನು ಸಂತೋಷದಿಂದ ಆಡುತ್ತಾರೆ.

ಪ್ರಕೃತ ವಿಮರ್ಶೆಗೆ ಎತ್ತಿಕೊಂಡಿರುವುದು ‘ಕ್ರಿಸ್‌ಮಸ್ ಅಂಡರ್ ರ‍್ಯಾಪ್ಸ್’ ಎಂಬ ಚಿತ್ರ. ಇದು 2014ರ ನವೆಂಬರಿನಲ್ಲಿ ಪ್ರಸಾರವಾಯಿತು. ನಿರ್ದೇಶಕ ಪೀಟರ್ ಸಲಿವನ್; ನಾಯಿಕೆಯ ಪಾತ್ರದಲ್ಲಿ ಕ್ಯಾಂಡೇಸ್ ಕ್ಯಾಮೆರಾನ್ ಬುರೆ. ಸುಮಾರು 58 ಲಕ್ಷ ಜನ ಅದನ್ನು ನೋಡಿದರೆಂದು ಲೆಕ್ಕ; ಆ ವಾಹಿನಿಯ ಚಿತ್ರಗಳಲ್ಲಿ ಅದುವರೆಗೆ ಅಷ್ಟು ಜನ ನೋಡಿದ್ದು ಮತ್ತೊಂದಿರಲಿಲ್ಲ. ನಾಯಿಕೆ ಲಾರೆನ್ ಒಬ್ಬ ವೈದ್ಯೆ. ಬಾಸ್ಟನ್ ನಗರದಲ್ಲಿ ಶಸ್ತ್ರವೈದ್ಯದ ಉನ್ನತ ವ್ಯಾಸಂಗಕ್ಕೆ ಸ್ಥಾನ ದೊರೆಯುವುದೆಂದು ನಂಬಿದ್ದವಳಿಗೆ ಅದು ತಪ್ಪಿಹೋಗಿ, ಅಲಾಸ್ಕದ ಗಾರ್ಲೆಂಡ್ ಎಂಬ ಕಲ್ಪಿತವಾದ ಕಿರುಪಟ್ಟಣದ ವೈದ್ಯಸ್ಥಾನವೇ ಗತಿಯಾಗುತ್ತದೆ. ಒಲ್ಲದ ಮನಸ್ಸಿನಿಂದ ಬಂದವಳಿಗೆ ಆಂಡಿ ಎಂಬ ತರುಣನ ಪರಿಚಯವಾಗುತ್ತದೆ. ಊರಿನ ಜನರೆಲ್ಲ ಯಾವುದೋ ಗುಟ್ಟನ್ನು ಕಾಪಾಡುತ್ತಿರುವಂತೆ ಅವಳಿಗೆ ತೋರುತ್ತದೆ. ಆಂಡಿಯ ತಂದೆ ಫ್ರಾಂಕ್ ಹಾಲಿಡೇ ಎಂಬ ವೃದ್ಧ ವರ್ತಕನು ಮಕ್ಕಳಿಗೆ ಉಡುಗೊರೆ ಹಂಚುವ ಸಾಂಟಾ ಕ್ಲಾಸನೇ ಇರಬೇಕೆಂಬುದು ಆ ಗುಟ್ಟು. ಕಡೆಗೆ ಬಾಸ್ಟನ್ನಿನ ಸ್ಥಾನ ತಾನಾಗಿಯೇ ಒದಗಿ ಬಂದಾಗ ಲಾರೆನ್ ಅದನ್ನು ಬಿಟ್ಟು ಗಾರ್ಲೆಂಡಿನಲ್ಲಿ ನಿಲ್ಲುತ್ತಾಳೆ.

ಇದರಲ್ಲಿ ಗುಣವೇ ಇಲ್ಲವೆನ್ನುವುದು ಸರಿಯಲ್ಲ. ವೃದ್ಧ ವರ್ತಕನ ನಿಜವಾದ ಸ್ವರೂಪವನ್ನು ಚಿತ್ರವು ಬಹುಮಟ್ಟಿಗೆ ಸೂಚನೆಯಿಂದಲೇ ತಿಳಿಸುತ್ತದೆ. ಬಾಯಿಬಿಟ್ಟು ಹೇಳುವ ಆತುರ ಅದಕ್ಕಿಲ್ಲ. ಮಗುವಿಗೂ ಮುದುಕನಿಗೂ ತಿಳಿದಿರುವ ಒಂದು ನಂಬಿಕೆಯನ್ನು ವ್ಯಂಜನೆಯ ಮರೆಯಲ್ಲಿಟ್ಟು ತೋರಿಸುವುದು ಕುಶಲತೆಯೇ ಸರಿ. ನಾಯಿಕೆಯ ಅಭಿನಯವೂ ಸಹಜವಾಗಿದೆ. ಕಥೆಯಲ್ಲಿ ಯಾರಿಗೂ ಕ್ರೌರ್ಯವಿಲ್ಲ. ಗ್ರಾಮ್ಯವಾದ ಮಾತೊಂದೂ ಇಲ್ಲ. ಅಜ್ಜಿಯೂ ಮೊಮ್ಮಗಳೂ ಜೊತೆಯಲ್ಲಿ ಕುಳಿತು ನೋಡಬಹುದಾದ ಕೃತಿಗಳು ಎಲ್ಲಿಯೂ ವಿರಳವಾಗಿರುವ ಕಾಲದಲ್ಲಿ ಇದು ಸಣ್ಣ ಗುಣವೇನಲ್ಲ.

ಇನ್ನು ಪೂರ್ವಪಕ್ಷದ ಮುಖ್ಯ ಆಕ್ಷೇಪಣೆಯನ್ನು ನೋಡಬಹುದು. ಮೊದಲ ಹತ್ತು ನಿಮಿಷಗಳಲ್ಲಿಯೇ ಕೊನೆ ತಿಳಿದುಬಿಡುತ್ತದೆ, ಆದುದರಿಂದ ಇದು ಕಲೆಯಲ್ಲ ಎಂದು ಅಲ್ಲಿನ ಟೀಕಾಕಾರರು ಹೇಳುತ್ತಾರೆ. ಈ ಹೇತು ನಿಲ್ಲತಕ್ಕದ್ದಲ್ಲ. ಗದಾಯುದ್ಧದ ಪ್ರಸಂಗದಲ್ಲಿ ಕೌರವನು ಬೀಳುವನೆಂಬುದನ್ನು ತಿಳಿಯದೆ ಯಕ್ಷಗಾನಕ್ಕೆ ಹೋದವನು ಯಾರಿದ್ದಾನೆ? ಆದರೂ ಬೆಳಗಾಗುವವರೆಗೆ ಜನ ಕುಳಿತಿದ್ದಾರೆ. ಶಕುಂತಲೆಗೂ ದುಷ್ಯಂತನಿಗೂ ಪುನಸ್ಸಮಾಗಮವಾಗುವುದು ಮಹಾಭಾರತವನ್ನು ಕೇಳಿದ್ದ ಕಾಳಿದಾಸನ ಪ್ರೇಕ್ಷಕರಿಗೆಲ್ಲ ವಿದಿತವಾಗಿಯೇ ಇತ್ತು. ಸಂಸ್ಕೃತನಾಟಕವು ನಿರ್ವಹಣಸಂಧಿಯಲ್ಲಿ ಶುಭವನ್ನೇ ಮುಟ್ಟಬೇಕೆಂಬ ಸಂಪ್ರದಾಯವಿದ್ದುದರಿಂದ, ಹೊಸ ನಾಟಕದ ಕೊನೆ ಕೂಡ ಪ್ರೇಕ್ಷಕನಿಗೆ ಅರ್ಧ ತಿಳಿದೇ ಇರುತ್ತಿತ್ತು. ಹಿಂದೆ ಕಂಡ ವಸ್ತುವೇ ರಸದ ಸಂಬಂಧದಿಂದ ಹೊಸದಾಗಿ ತೋರುವುದೆಂಬುದನ್ನು ವಸಂತಕಾಲದ ಮರಗಳ ದೃಷ್ಟಾಂತದಿಂದ ಆನಂದವರ್ಧನನು ಸ್ಪಷ್ಟಪಡಿಸಿದ್ದಾನೆ.

ಅಮೆರಿಕಾದವರ ಸ್ವಂತ ಸಾಹಿತ್ಯದಲ್ಲಿಯೇ ಇದಕ್ಕೆ ಸಾಕ್ಷಿಯುಂಟು. ಥಾರ್ನ್‌ಟನ್ ವೈಲ್ಡರ್ 1938ರಲ್ಲಿ ರಂಗಕ್ಕೆ ತಂದ ‘ಅವರ್ ಟೌನ್’ ಎಂಬ ನಾಟಕವೂ ಕಿರುಪಟ್ಟಣದ ಕಥೆಯೇ. ಅದರಲ್ಲಿಯೂ ನೆರೆಮನೆಯ ಹುಡುಗ ಹುಡುಗಿಯರ ಪ್ರಣಯವಿದೆ, ಊರ ವೈದ್ಯನಿದ್ದಾನೆ. ನಮ್ಮ ಸೂತ್ರಧಾರನನ್ನು ನೆನಪಿಗೆ ತರುವ ಪಾತ್ರವೊಂದು ರಂಗದ ಮೇಲೆ ನಿಂತು, ವೈದ್ಯ ಗಿಬ್ಸನು ಕಾಣಿಸಿಕೊಳ್ಳುತ್ತಿರುವಾಗಲೇ ಆತನು ಯಾವಾಗ ಸಾಯುವನೆಂಬುದನ್ನು ಹೇಳಿಬಿಡುತ್ತದೆ. ಪತ್ರಿಕೆ ಹಂಚುವ ಚುರುಕಾದ ಹುಡುಗನು ಮುಂದೆ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿಯುವನೆಂಬುದನ್ನೂ ಮುಂಚಿತವಾಗಿಯೇ ತಿಳಿಸುತ್ತದೆ. ಮುಂದಾಗುವುದು ತಿಳಿದಿರುವುದರಿಂದಲೇ ಆ ಬೆಳಗಿನ ಸಾಮಾನ್ಯ ಮಾತುಕತೆಗಳಿಗೆ ಕರುಣದ ಛಾಯೆ ಬರುತ್ತದೆ. ಆದಕಾರಣ ಕೊನೆ ತಿಳಿದಿರುವುದು ದೋಷವೆಂಬ ವಾದ ಬಿದ್ದುಹೋಗುತ್ತದೆ.

ಹಾಗಾದರೆ ಚಿತ್ರವು ನಿರ್ದುಷ್ಟವಾದದ್ದೆ? ಹಾಗೂ ಅಲ್ಲ. ದೋಷವಿರುವುದು ಬೇರೆಡೆ. ಫಲಾಗಮವು ಎಲ್ಲರಿಗೂ ಗೊತ್ತಿರಬಹುದು. ಆದರೆ ಆ ಫಲಕ್ಕೆ ಪಾತ್ರಗಳು ಏನನ್ನು ತೆತ್ತವು ಎಂಬುದು ಕೃತಿಯ ಜೀವ. ಆರಂಭದಿಂದ ಫಲದವರೆಗೆ ಐದು ಅವಸ್ಥೆಗಳನ್ನು ಹೇಳಿದ ಶಾಸ್ತ್ರಕಾರರು, ಕೊನೆಯ ಸಂಧಿಗೆ ಮುಂಚೆ ವಿಮರ್ಶಸಂಧಿಯನ್ನು ಇಟ್ಟಿರುವುದು ಇದಕ್ಕಾಗಿಯೇ. ಕೋಪದಿಂದಲೋ ವ್ಯಸನದಿಂದಲೋ ಪ್ರಲೋಭನದಿಂದಲೋ ಫಲವು ಕೈತಪ್ಪಿಹೋಗುವಂತಾಗಿ, ಪಾತ್ರವು ನಿಂತು ಆಲೋಚಿಸಬೇಕಾದ ಸ್ಥಾನವದು. ಶಾಕುಂತಲದಲ್ಲಿ ದುರ್ವಾಸನ ಶಾಪವೂ ಉಂಗುರವೂ ಮೂಲಭಾರತದಲ್ಲಿಲ್ಲ. ಕಾಳಿದಾಸನೇ ಅವನ್ನು ತಂದನು. ತುಂಬಿದ ಸಭೆಯಲ್ಲಿ ನಿರಾಕೃತಳಾದ ಗರ್ಭಿಣಿಯ ದುಃಖವನ್ನೂ, ನೆನಪು ಮರಳಿದ ಮೇಲೆ ರಾಜನು ಪಟ್ಟ ಪಶ್ಚಾತ್ತಾಪವನ್ನೂ ದಾಟಿ ಬಂದುದರಿಂದಲೇ ಏಳನೆಯ ಅಂಕದ ಸಮಾಗಮಕ್ಕೆ ಅಷ್ಟು ತೂಕ. ವಿಪ್ರಲಂಭದಿಂದಲೇ ಸಂಭೋಗಶೃಂಗಾರಕ್ಕೆ ಪುಷ್ಟಿ ಬರುವುದೆಂಬ ಆಲಂಕಾರಿಕರ ಮತದ ತಾತ್ಪರ್ಯವೂ ಇದೇ.

ಗಾರ್ಲೆಂಡಿನ ಕಥೆಯಲ್ಲಿ ಬಾಸ್ಟನ್ನಿನ ಕರೆಯೇ ಆ ಪ್ರಲೋಭನ. ವಿಮರ್ಶಸಂಧಿಗೆ ಸ್ಥಾನ ಸಿದ್ಧವಾಗಿಯೇ ಇತ್ತು. ಒಬ್ಬ ಹೆಂಗಸು ಅನೇಕ ವರ್ಷಗಳ ವ್ಯಾಸಂಗದಿಂದ ಸಂಪಾದಿಸಿದ ಯೋಗ್ಯತೆಯನ್ನು, ತನ್ನ ಕೈಚಳಕಕ್ಕೆ ಪೂರ್ಣಾವಕಾಶವಿರುವ ಸ್ಥಾನವನ್ನು ಬಿಡಬೇಕಾಗಿದೆ. ಇದು ನಿಜವಾದ ಧರ್ಮಸಂಕಟ. ಎರಡು ಕಡೆಯೂ ಒಳ್ಳೆಯದೇ ಇದೆ. ಇಲ್ಲಿ ಅವಳು ಒಂದು ರಾತ್ರಿ ನಿದ್ದೆಗೆಟ್ಟಿದ್ದರೆ, ಬಿಟ್ಟದ್ದನ್ನು ನೆನೆದು ಕೊನೆಯವರೆಗೂ ಒಂದು ಎಳೆಯಷ್ಟು ನೋವು ಉಳಿದಿದ್ದರೆ, ಪ್ರೇಕ್ಷಕನು ಆ ನಿರ್ಧಾರವನ್ನು ಗೌರವದಿಂದ ಕಾಣುತ್ತಿದ್ದನು. ಚಿತ್ರವು ಹಾಗೆ ಮಾಡುವುದಿಲ್ಲ. ಬಾಸ್ಟನ್ನು ಒಂದು ತಪ್ಪು ಆಸೆಯೆಂದೂ ಗಾರ್ಲೆಂಡೇ ಅವಳ ಸಹಜಸ್ಥಾನವೆಂದೂ ಮೊದಲೇ ತೀರ್ಮಾನಿಸಿಬಿಡುತ್ತದೆ. ಆದಕಾರಣ ಅವಳು ಬಿಟ್ಟದ್ದು ತ್ಯಾಗವೆನ್ನಿಸಿಕೊಳ್ಳುವುದಿಲ್ಲ. ಬೇಡವಾದ ವಸ್ತುವನ್ನು ಕೆಳಗಿಟ್ಟಂತೆ ಆಗುತ್ತದೆ. ಬೆಲೆ ತೆರದೆ ಬಂದ ಸುಖಾಂತ ಪ್ರೇಕ್ಷಕನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಮರುದಿನ ಅಂಥದೇ ಮತ್ತೊಂದು ಚಿತ್ರ ಅವನಿಗೆ ಬೇಕಾಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಕಿರುಪಟ್ಟಣ, ಕ್ರಿಸ್‌ಮಸ್ ಹಬ್ಬ, ಮಹತ್ತ್ವಾಕಾಂಕ್ಷೆಯನ್ನು ಬಿಟ್ಟು ಊರಿನಲ್ಲಿ ನಿಲ್ಲುವುದು—ಈ ಮೂರನ್ನೇ ಇಟ್ಟುಕೊಂಡು ಫ್ರಾಂಕ್ ಕಾಪ್ರಾ 1946ರಲ್ಲಿ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಚಲಚ್ಚಿತ್ರವನ್ನು ತೆಗೆದನು. ಅದರ ನಾಯಕ ಜಾರ್ಜ್ ಬೇಲಿಗೆ ದೇಶಸಂಚಾರ ಮಾಡಬೇಕು, ಸೇತುವೆಗಳನ್ನೂ ನಗರಗಳನ್ನೂ ಕಟ್ಟಬೇಕು ಎಂಬ ಆಸೆ. ತಂದೆ ಸತ್ತ ಮೇಲೆ ಬಡವರಿಗೆ ಮನೆ ಕಟ್ಟಿಕೊಳ್ಳಲು ಸಾಲ ಕೊಡುವ ಸಣ್ಣ ಸಂಸ್ಥೆಯನ್ನು ಉಳಿಸುವುದಕ್ಕಾಗಿ ಅವನು ಊರಿನಲ್ಲಿಯೇ ಉಳಿಯುತ್ತಾನೆ. ಬಿಟ್ಟ ಆಸೆಗಳು ಅವನನ್ನು ಬಿಡುವುದಿಲ್ಲ. ಕಹಿಯಾಗಿ ಒಳಗೇ ಉಳಿಯುತ್ತವೆ. ಹಬ್ಬದ ಹಿಂದಿನ ಸಂಜೆ 8,000 ಡಾಲರು ಕಳೆದುಹೋಗಿ, ಅಪಮಾನದ ಭಯದಿಂದ ಅವನು ಪ್ರಾಣ ಬಿಡುವುದಕ್ಕೆ ಸೇತುವೆಯ ಮೇಲೆ ಬಂದು ನಿಲ್ಲುತ್ತಾನೆ. ಊರಿನವರು ಕೊನೆಯಲ್ಲಿ ಹಣ ಕೂಡಿಸಿ ತರುವ ಸಂತೋಷ ಆ ಸೇತುವೆಯ ಕತ್ತಲೆಯನ್ನು ಹಾದು ಬಂದದ್ದು. ಹೊರಬಂದಾಗ ಅದು ಹಾಕಿದ ಹಣವನ್ನು ಹಿಂದಕ್ಕೆ ತರಲಿಲ್ಲ. 1974ರಲ್ಲಿ ಅದರ ಹಕ್ಕನ್ನು ಹೊಸದಾಗಿ ದಾಖಲು ಮಾಡಿಸದೆ ಬಿಟ್ಟುದರಿಂದ ದೂರದರ್ಶನ ಕೇಂದ್ರಗಳವರು ಪ್ರತಿವರ್ಷ ಹಬ್ಬದಲ್ಲಿ ತೋರಿಸತೊಡಗಿ, ಅದು ಮನೆಮನೆಯ ಚಿತ್ರವಾಯಿತು. ಅದರ ಕೊನೆ ಆ ಜನರಿಗೆಲ್ಲ ಕಂಠಪಾಠ. ಆದರೂ ಕಣ್ಣು ಒದ್ದೆಯಾಗುತ್ತದೆ. ದೂರದರ್ಶನದ ಪ್ರೇಕ್ಷಕರಿಗೆ ಗಂಭೀರವಾದದ್ದು ಬೇಡವೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಗಾರ್ಲೆಂಡಿನ ಕಥೆಯಲ್ಲಿ ಎರಡನೆಯ ಕೊರತೆಯೊಂದುಂಟು. ಅದು ಔಚಿತ್ಯಕ್ಕೆ ಸಂಬಂಧಿಸಿದ್ದು. ನಾಯಿಕೆಯನ್ನು ವೈದ್ಯೆಯನ್ನಾಗಿ ಮಾಡಿದ ಮೇಲೆ, ದೂರದ ಸಣ್ಣ ಊರಿಗೆ ವೈದ್ಯರು ಬರುವುದಿಲ್ಲವೆಂಬ ವಿಷಯವನ್ನು ಮುಟ್ಟಿದಂತಾಯಿತು. ಅದು ಕಲ್ಪಿತವಾದ ಕಷ್ಟವಲ್ಲ. ಆ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ 2010ರಿಂದೀಚೆಗೆ ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಬಾಗಿಲು ಮುಚ್ಚಿವೆ, ಇಲ್ಲವೆ ಒಳರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿವೆ. ಆಸ್ಪತ್ರೆ ಮುಚ್ಚಿದ ಊರಿನಲ್ಲಿ ಪ್ರಸವಕಾಲದ ಹೆಂಗಸು ದೂರದ ಊರಿಗೆ ಪಯಣ ಮಾಡಬೇಕು. ಅಂಥ ಊರಿಗೆ ಒಬ್ಬ ವೈದ್ಯೆ ಬಂದು ನಿಲ್ಲುವುದೆಂದರೆ ಒಂದು ಮದುವೆಗಿಂತ ದೊಡ್ಡ ಶುಭ. ಚಿತ್ರದಲ್ಲಿ ಮಾತ್ರ ವೈದ್ಯವೃತ್ತಿ ನಾಯಿಕೆಯನ್ನು ಊರಿಗೆ ಕರೆತರುವ ನೆಪವಾಗಿದೆಯೇ ಹೊರತು ಕಥೆಯ ಹೃದಯವಾಗಿಲ್ಲ. ಅವಳು ಉಳಿಯುವುದು ತರುಣನಿಗಾಗಿ, ಊರಿನ ಸೊಗಸಿಗಾಗಿ. ರೋಗಿಗಳಿಗಾಗಿ ಎಂಬುದು ಹಿಂದೆ ಸರಿಯುತ್ತದೆ.

ಸಿಂಕ್ಲೇರ್ ಲೂಯಿಸನು 1920ರಲ್ಲಿ ಪ್ರಕಟಿಸಿದ ‘ಮೇನ್ ಸ್ಟ್ರೀಟ್’ ಕಾದಂಬರಿಯನ್ನು ಇಲ್ಲಿ ನೆನೆಯಬಹುದು. ಅದು ಕಿರುಪಟ್ಟಣದ ಸಂಕುಚಿತ ಬುದ್ಧಿಯನ್ನು ನಿರ್ದಾಕ್ಷಿಣ್ಯವಾಗಿ ಹಳಿದ ಗ್ರಂಥ. ಆದರೂ ಅದರಲ್ಲಿ ಊರ ವೈದ್ಯ ಕೆನಿಕಟ್ಟನು ರಾತ್ರಿಯ ಹೊತ್ತು ಒಬ್ಬ ರೈತನ ಮನೆಗೆ ಹೋಗಿ, ದೀಪದ ಬೆಳಕಿನಲ್ಲಿ ಅವನ ಕೈಯನ್ನು ಕತ್ತರಿಸಿ ಪ್ರಾಣ ಉಳಿಸುವ ಭಾಗವೊಂದುಂಟು. ಅರಿವು ತಪ್ಪಿಸುವ ಔಷಧವನ್ನು ಹೆಂಡತಿಯೇ ಕೊಡುತ್ತಾಳೆ. ಆ ಔಷಧದ ಆವಿಗೆ ದೀಪದ ಉರಿ ತಗುಲಿದ್ದರೆ ಮನೆಯೇ ಹಾರಿಹೋಗಬಹುದಾಗಿತ್ತೆಂಬುದು ಆಮೇಲೆ ಅವಳಿಗೆ ತಿಳಿಯುತ್ತದೆ. ಗಂಡನನ್ನು ಸಾಮಾನ್ಯನೆಂದು ಎಣಿಸಿದ್ದವಳು ಅಂದು ಅವನಲ್ಲಿ ವೀರನನ್ನು ಕಾಣುತ್ತಾಳೆ. ಊರನ್ನು ಹಳಿಯುವ ಗ್ರಂಥವು ಊರ ವೈದ್ಯನಿಗೆ ಇಷ್ಟು ಗೌರವವನ್ನು ಕೊಟ್ಟಿದೆ. ಊರನ್ನು ಹೊಗಳುವ ಚಿತ್ರ ಅಷ್ಟನ್ನು ಕೊಡಲಿಲ್ಲವೆಂಬುದು ಯೋಚನೆ ಮಾಡತಕ್ಕ ವಿಷಯ.

ಇದಕ್ಕೆ ಅಭಿಮಾನಿಗಳ ಕಡೆಯಿಂದ ಒಂದು ಸಮಾಧಾನವುಂಟು. ಅದನ್ನು ಹಗುರವಾಗಿ ಕಾಣಬಾರದು. ಪ್ರಪಂಚದಲ್ಲಿ ದುಃಖವು ಬೇಕಾದಷ್ಟಿದೆ, ಮನೆಯ ಮೂಲೆಯ ಪೆಟ್ಟಿಗೆಯಿಂದಲೂ ಅದೇ ಏಕೆ ಬರಬೇಕು ಎಂದು ಅವರು ಕೇಳುತ್ತಾರೆ. 2020ರ ಮಾರ್ಚಿಯಲ್ಲಿ ಕರೋನಾ ರೋಗದ ಭಯದಿಂದ ಜನ ಮನೆಗಳಲ್ಲಿಯೇ ಸೆರೆಯಾದಾಗ, ಆ ವಾಹಿನಿಯವರು ವಸಂತಕಾಲವೆಂಬುದನ್ನೂ ಎಣಿಸದೆ ಕ್ರಿಸ್‌ಮಸ್ ಚಿತ್ರಗಳನ್ನು ಎಡೆಬಿಡದೆ ತೋರಿಸಿದರು. ರೋಗಿಯ ಪಕ್ಕದಲ್ಲಿ ಕುಳಿತವರಿಗೆ, ಒಂಟಿಯಾಗಿ ಹಬ್ಬ ಕಳೆಯುವ ವೃದ್ಧರಿಗೆ, ಕೊನೆಯಲ್ಲಿ ಕೆಟ್ಟದ್ದಾಗುವುದಿಲ್ಲವೆಂಬ ಭರವಸೆ ಸಾಮಾನ್ಯವಾದ ಉಪಕಾರವಲ್ಲ. ದುಃಖಪೀಡಿತರಿಗೂ ಶ್ರಮದಿಂದ ಬಳಲಿದವರಿಗೂ ಶೋಕದಲ್ಲಿರುವವರಿಗೂ ನಾಟ್ಯವು ವಿಶ್ರಾಂತಿಯನ್ನುಂಟುಮಾಡುವುದೆಂದು ಭರತಮುನಿಯೇ ಹೇಳಿರುವನಲ್ಲವೆ? ಇಂಥ ಪ್ರೇಕ್ಷಕರನ್ನು ದಡ್ಡರೆಂದು ನಗುವ ಟೀಕಾಕಾರನು ನಾಟ್ಯದ ಒಂದು ಪ್ರಯೋಜನವನ್ನೇ ಮರೆತಿದ್ದಾನೆ. ಆದರೆ ಭರತನು ಅದೇ ಪ್ರಸ್ತಾವದಲ್ಲಿ ನಾಟ್ಯವು ಲೋಕದ ಸುಖದುಃಖಗಳೆರಡರ ಅನುಕೀರ್ತನವೆಂದೂ ಹೇಳಿದ್ದಾನೆ. ದುಃಖವನ್ನು ಅರಿತು ಕೊಡುವ ವಿಶ್ರಾಂತಿ ಬೇರೆ, ದುಃಖವೇ ಇಲ್ಲವೆಂದು ನಟಿಸಿ ಕೊಡುವ ವಿಶ್ರಾಂತಿ ಬೇರೆ.

ಎಲ್ಲರಿಗೂ ಸ್ಥಳವಿರುವ ಊರು ಎಂಬ ಈ ಚಿತ್ರಗಳ ಹೇಳಿಕೆಗೆ 2019ರ ಡಿಸೆಂಬರಿನಲ್ಲಿ ಒಂದು ಪರೀಕ್ಷೆಯೂ ಒದಗಿತು. ಇಬ್ಬರು ಸ್ತ್ರೀಯರ ವಿವಾಹವನ್ನು ತೋರಿಸುವ ಜಾಹೀರಾತೊಂದನ್ನು ಕೆಲವರ ಆಕ್ಷೇಪಣೆಗೆ ಮಣಿದು ವಾಹಿನಿಯವರು ತೆಗೆದುಹಾಕಿದರು. ಎದುರು ಕಡೆಯಿಂದ ಪ್ರತಿಭಟನೆ ಬರಲು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ತಮ್ಮ ತೀರ್ಮಾನವನ್ನು ಹಿಂತೆಗೆದುಕೊಂಡರು. ಮುಂದೆ 2022ರಲ್ಲಿ ಅಂಥ ಇಬ್ಬರು ಪುರುಷರ ಪ್ರಣಯವನ್ನೇ ವಸ್ತುವಾಗುಳ್ಳ ಚಿತ್ರವೊಂದನ್ನು ಹೊರತಂದರು. ಗಾರ್ಲೆಂಡಿನ ನಾಯಿಕೆಯಾಗಿದ್ದ ನಟಿ ಅದೇ ವರ್ಷ ಬೇರೆ ವಾಹಿನಿಯನ್ನು ಸೇರಿ, ಅಲ್ಲಿಯ ಚಿತ್ರಗಳು ಸಾಂಪ್ರದಾಯಿಕ ವಿವಾಹವನ್ನೇ ಮುಖ್ಯವಾಗಿಟ್ಟುಕೊಳ್ಳುವುವೆಂಬ ಅರ್ಥದ ಮಾತನ್ನಾಡಿದಳು. ಅದರಿಂದಲೂ ದೊಡ್ಡ ಚರ್ಚೆ ಹುಟ್ಟಿತು. ಈ ವಿವಾದದಲ್ಲಿ ಯಾವ ಪಕ್ಷವನ್ನು ಹಿಡಿದವರಿಗೂ ಒಂದು ಸಂಗತಿ ಸ್ಪಷ್ಟವಾಗಬೇಕು. ಏನೂ ಆಗದ ಊರೆಂದು ಜನ ನಗುತ್ತಿದ್ದ ಆ ಕಿರುಪಟ್ಟಣದೊಳಕ್ಕೆ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬುದಕ್ಕಾಗಿ ಇಷ್ಟು ಜನ ಹೋರಾಡಿದರು. ಅಂದಮೇಲೆ ಆ ಊರು ಅವರ ಮನಸ್ಸಿನಲ್ಲಿ ಬರಿಯ ಆಟಿಕೆಯಾಗಿರಲಿಲ್ಲ. ಹೊರಗೆ ನಿಂತವರೂ ಒಳಗೆ ಬರಬೇಕೆಂದು ಬಯಸಿದ್ದು ಆ ಕನಸಿನ ಬಲಕ್ಕೆ ಸಾಕ್ಷಿ. ಎಲ್ಲರಿಗೂ ಸ್ಥಳವಿದೆಯೆಂದು ಸಾರಿದ ಊರು ಬಾಗಿಲಲ್ಲಿ ಆರಿಸತೊಡಗಿದರೆ ತನ್ನ ಮಾತಿಗೆ ತಾನೇ ವಿರೋಧವಾಗುತ್ತದೆ. ಔಚಿತ್ಯದ ದೃಷ್ಟಿಯಿಂದಲೂ ಅದು ಕೊರತೆಯೇ.

ಒಟ್ಟಿನಲ್ಲಿ, ‘ಕ್ರಿಸ್‌ಮಸ್ ಅಂಡರ್ ರ‍್ಯಾಪ್ಸ್’ ಮೊದಲಾದ ಚಿತ್ರಗಳನ್ನು ಕೊನೆ ತಿಳಿದಿರುವ ಕಥೆಗಳೆಂದು ನಿಂದಿಸುವುದು ಶಾಸ್ತ್ರಕ್ಕೂ ಅನುಭವಕ್ಕೂ ವಿರುದ್ಧ. ಅವುಗಳನ್ನು ನೋಡಿ ಸಮಾಧಾನ ಪಡೆಯುವವರ ಮೇಲೆ ನಗುವುದು ಸೌಜನ್ಯಕ್ಕೆ ವಿರುದ್ಧ. ಆದರೆ ಆ ಪ್ರೇಕ್ಷಕರ ವಿಷಯದಲ್ಲಿ ನಿಜವಾದ ಗೌರವವಿರುವ ವಿಮರ್ಶಕನು ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ: ಅವರಿಗೆ ಕೊಡುತ್ತಿರುವುದು ಅವರ ಯೋಗ್ಯತೆಗಿಂತ ಕಡಮೆಯಾದದ್ದು. ಜಾರ್ಜ್ ಬೇಲಿಯ ಕಥೆಯನ್ನು ವರ್ಷವರ್ಷವೂ ನೋಡಿ ಕಣ್ಣೊರಸಿಕೊಂಡ ಜನರೇ ಇವರು. ಮುಂದಿನ ಹಬ್ಬಕ್ಕೆ ಗಾರ್ಲೆಂಡಿನಂಥ ಮತ್ತೊಂದು ಊರಿಗೆ ಮತ್ತೊಬ್ಬ ವೈದ್ಯೆಯನ್ನು ಕಳುಹಿಸುವ ಕಥೆಗಾರನು, ಅವಳನ್ನು ತರುಣನ ಕೈಗೆ ಒಪ್ಪಿಸುವುದಕ್ಕೆ ಮುಂಚೆ ಒಂದು ರಾತ್ರಿಯ ಮಟ್ಟಿಗೆ ಒಬ್ಬ ರೋಗಿಯ ಹಾಸಿಗೆಯ ಬಳಿ ಕೂರಿಸಿದರೆ, ಪ್ರೇಕ್ಷಕರೇನೂ ಎದ್ದು ಹೋಗಲಾರರು. ಬೆಳಗ್ಗೆ ಹಿಮ ಹೇಗೂ ಬೀಳುತ್ತದೆ. ಮದುವೆಯೂ ಹೇಗೂ ಆಗುತ್ತದೆ.